ಅತ್ತಿಗೆಯೂ ನಾನೂ ಕಲಿತ ಒಂದು ಪದ

ಇನಂಡೇಟ್ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಗಂಗಾವತಿಯ ಕೋಚಿಂಗ್ ಕ್ಲಾಸಿನಲ್ಲಿ. ಬ್ಯಾಂಕ್ ಪರೀಕ್ಷೆಗೆ ಓದುವವರಿಗಾಗಿ ನಡೆಯುತ್ತಿದ್ದ ಆ ಕ್ಲಾಸು ಒಂದು ರಸಗೊಬ್ಬರದ ಅಂಗಡಿಯ ಮೇಲಿನ ಅಂತಸ್ತಿನಲ್ಲಿತ್ತು. ಕಿಟಕಿ ತೆರೆದರೆ ಗೊಬ್ಬರದ ಘಾಟು, ಮುಚ್ಚಿದರೆ ಸೆಕೆ. ಇಂಗ್ಲಿಷ್ ಕಲಿಸುತ್ತಿದ್ದ ಸರ್ ದಿನವೂ ಪಾಠ ಮುಗಿಸುವ ಮುಂಚೆ ಬೋರ್ಡಿನ ಮೇಲೆ ಕೆಲವು ಹೊಸ ಪದಗಳನ್ನು ಬರೆಯುತ್ತಿದ್ದರು. ಆ ದಿನದ ಪದಗಳಲ್ಲಿ ಇದೂ ಒಂದು.

"ಇದಕ್ಕ ಎರಡು ಅರ್ಥ ಅದಾವು ನೋಡ್ರಿ," ಅಂದರು ಸರ್. "ನೀರು ನುಗ್ಗಿ ಮುಳುಗಿಸೋದು ಒಂದು. ಯಾವುದಾರ ಒಂದು ತಡಕೊಳ್ಳಾಕ ಆಗದಷ್ಟು ಬಂದು ಬೀಳೋದು ಇನ್ನೊಂದು. ಪರೀಕ್ಷಾದಾಗ ಎರಡನೇದನ್ನೇ ಕೇಳ್ತಾರ."

ಮಧ್ಯಾಹ್ನದ ಬಸ್ಸಿನಲ್ಲಿ ಮನೆಗೆ ಬರುವಾಗ ಆ ಪದವನ್ನು ಬಾಯಲ್ಲಿ ಹೊರಳಿಸುತ್ತ ಬಂದೆ. ಮರೆಯುವಂತಿರಲಿಲ್ಲ. ಮನೆಯಲ್ಲಿ ಅದಕ್ಕಾಗಿ ಕಾಯುವವಳು ಒಬ್ಬಳಿದ್ದಳು.

ನಮ್ಮ ಊರು ಸಿದ್ದಾಪುರದ ಸಮೀಪ. ಎಡದಂಡೆ ಕಾಲುವೆಯ ನೀರಿನಿಂದ ವರ್ಷಕ್ಕೆ ಎರಡು ಬೆಳೆ ಭತ್ತ ತೆಗೆಯುವ ಸೀಮೆ. ಅಪ್ಪ ನಾನು ಹೈಸ್ಕೂಲಿನಲ್ಲಿರುವಾಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಅವ್ವ, ಗದ್ದೆ ನೋಡಿಕೊಳ್ಳುವ ಅಣ್ಣ, ಅತ್ತಿಗೆ, ಅವರ ಪುಟ್ಟ ಮಗಳು ಮತ್ತು ಅಣ್ಣನ ತಂಗಿ ನಾನು. ಅತ್ತಿಗೆ ಹುಲಿಹೈದರದ ಕಡೆಯವಳು. ಕೆಂಪು ಮಸಾರಿ ಹೊಲ, ಸಜ್ಜೆ, ಶೇಂಗಾ, ಮುಗಿಲು ನೋಡಿಕೊಂಡು ಬಿತ್ತುವ ಜನ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಕಾಲುವೆಯ ದಂಡೆಯ ಮೇಲೆ ನಿಂತು, "ಇಷ್ಟು ನೀರು ಹಗಲೂ ರಾತ್ರಿ ಹಿಂಗ ಹೊಕ್ಕಾವೇನು? ಯಾರೂ ಹಿಡಿದು ಇಟ್ಕೊಳ್ಳೂದಿಲ್ಲೇನು?" ಎಂದು ಕೇಳಿದ್ದು ನಮ್ಮ ಓಣಿಯಲ್ಲಿ ಬಹಳ ದಿನ ನಗೆಯ ಮಾತಾಗಿತ್ತು. ನಕ್ಕವರಿಗೆ ಗೊತ್ತಿರಲಿಲ್ಲ, ಅವಳು ಕೊಪ್ಪಳದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿದ ಹುಡುಗಿ ಎಂದು. ಗೊತ್ತಿದ್ದರೂ ನಗುತ್ತಿದ್ದರೇನೋ.

ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವಳು. ಬಂದ ಕೆಲವೇ ದಿನಗಳಲ್ಲಿ ನಾವಿಬ್ಬರೂ ನೀ, ನಾ ಎಂದು ಮಾತಾಡುವಷ್ಟು ಹತ್ತಿರವಾಗಿಬಿಟ್ಟೆವು. ನಾನು ಡಿಗ್ರಿ ಮುಗಿಸಿ ಬ್ಯಾಂಕ್ ಪರೀಕ್ಷೆ ಬರೆಯುತ್ತೇನೆಂದಾಗ ಅವಳು ಅಣ್ಣನನ್ನು ಕೇಳಿದಳು, "ನಾನೂ ಬರೀಲೇನ್ರಿ?" ಅಣ್ಣ ಒಲ್ಲೆ ಎನ್ನುವ ಮನುಷ್ಯನಲ್ಲ. "ಬರಿ. ಯಾರು ಬ್ಯಾಡ ಅಂದಾರ?" ಅಂದ. ಆದರೆ ಇಬ್ಬರೂ ಕ್ಲಾಸಿಗೆ ಹೋದರೆ ಮನೆ ನಡೆಯುತ್ತಿರಲಿಲ್ಲ. ಮಗು ಚಿಕ್ಕದು, ಅವ್ವನಿಗೆ ಮಂಡಿ ನೋವು, ನಾಟಿಯ ಹೊತ್ತಿನಲ್ಲಿ ಆಳುಗಳಿಗೆ ಬುತ್ತಿ ಕಟ್ಟಬೇಕು. ಹಾಗಾಗಿ ನಾನು ಗಂಗಾವತಿಗೆ ಹೋಗಿ ಕಲಿತು ಬರುವುದು, ಬಂದು ಅವಳಿಗೆ ಹೇಳುವುದು ಎಂದಾಯಿತು. ಯಾರೂ ಕೂತು ತೀರ್ಮಾನಿಸಿದ್ದಲ್ಲ. ತಾನಾಗಿ ಹಾಗಾಯಿತು.

ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಅವಳು ಅಕ್ಕಿ ಹಸನು ಮಾಡುತ್ತಿದ್ದಳು, ನಾನು ಎದುರಿಗೆ ಕೂತು ಆ ದಿನದ ಪಾಠ ಹೇಳುತ್ತಿದ್ದೆ. ಲೆಕ್ಕವನ್ನು ನಾನು ಅರ್ಧ ಹೇಳುವಷ್ಟರಲ್ಲಿ ಅವಳು ಉತ್ತರ ಹೇಳಿಬಿಡುತ್ತಿದ್ದಳು. ಇಂಗ್ಲಿಷ್ ಮಾತ್ರ ಇಬ್ಬರಿಗೂ ಅಷ್ಟಕ್ಕಷ್ಟೇ. ಅದಕ್ಕೆ ಅವಳೇ ಒಂದು ಉಪಾಯ ಹುಡುಕಿದಳು. ಹೊಸ ಪದವನ್ನು ಅದೇ ದಿನ, ಮನೆಯ ಮಾತಿನಲ್ಲಿ, ಅವ್ವನಿಗೂ ಅಣ್ಣನಿಗೂ ತಿಳಿಯದ ಹಾಗೆ ಬಳಸಿಬಿಡಬೇಕು. ಬಳಸಿದರೆ ಅದು ನಮ್ಮದಾಗುತ್ತದೆ.

"ಇವತ್ತೇನು ತಂದಿ?" ಎಂದು ಕೇಳಿದಳು ಆ ದಿನ.

"ಇನಂಡೇಟ್."

"ಅಂದ್ರ ಏನವಾ?"

"ನೀರು ಬಂದು ಮುಳುಗಿಸೋದು."

ಮೊರದ ಮೇಲಿನ ಕೈ ನಿಂತಿತು. "ನಾವು ಗದ್ದಿಗೆ ನೀರು ಕಟ್ತೀವಲ್ಲ, ಅದೂ ಇನಂಡೇಟ್ ಏನು?"

"ಅಲ್ಲ, ಅದು ನಾವಾಗೇ ಬಿಡೋದು."

"ಮತ್ತ ಹೊಳಿಗೆ ಡ್ಯಾಮಿನವರು ಬಿಡ್ತಾರಲ್ಲ, ಅವರೂ ತಾವಾಗೇ ಬಿಡೋದು. ಅದಕ್ಕೇನಂತಾರ?"

ಮರುದಿನ ಸರ್ ಅವರನ್ನೇ ಕೇಳಿದೆ. ಅವರು ನಕ್ಕು, ಎರಡಕ್ಕೂ ನಡೆಯುತ್ತದೆ, ಗದ್ದೆಗೂ ಸೈ ಹೊಳೆಗೂ ಸೈ, ಇಷ್ಟು ಯೋಚನೆ ಮಾಡಿ ಕೇಳಿದ್ದು ಯಾರು ಎಂದರು. ನಮ್ಮ ಅತ್ತಿಗೆ ಎಂದೆ. "ಅವರನ್ನೂ ಕ್ಲಾಸಿಗೆ ಕರಕೊಂಡು ಬರ್ರಿ," ಎಂದರು. ಅದನ್ನು ಮನೆಗೆ ಬಂದು ಹೇಳಿದೆ. ಆ ಸಂಜೆ ರೊಟ್ಟಿ ಬಡಿಯುವಾಗ ಅವಳು ಏನೋ ಗುನುಗುತ್ತಿದ್ದಳು.

ಎರಡನೆಯ ಅರ್ಥವೇ ಅವಳಿಗೆ ಹೆಚ್ಚು ಹಿಡಿಸಿದ್ದು. ಆಫೀಸಿಗೆ ಅರ್ಜಿಗಳು ಸಿಕ್ಕಾಪಟ್ಟೆ ಬಂದರೆ ಹೀಗೆ ಹೇಳುತ್ತಾರೆ ಎಂದು ನಾನು ವಿವರಿಸಿದ ಕೂಡಲೇ, "ಹಂಗಾದ್ರ ನಮ್ಮ ಮನಿ ಬೀಗರಿಂದ ಇನಂಡೇಟ್ ಆಗೈತಿ ಬಿಡು," ಅಂದಳು. ಸುಳ್ಳಲ್ಲ. ನಮ್ಮ ನೆಂಟರೆಲ್ಲ ಕುಷ್ಟಗಿ, ಯಲಬುರ್ಗಾ ಕಡೆಯ ಒಣ ಸೀಮೆಯವರು. ಮಳೆಗಾಲ ಬಂತೆಂದರೆ ಡ್ಯಾಮಿನ ಗೇಟು ತೆಗೆದದ್ದನ್ನು ನೋಡಲಿಕ್ಕೆ, ವಿರೂಪಾಪುರಗಡ್ಡೆಯ ದಂಡೆಯಲ್ಲಿ ನಿಂತು ಹೊಳೆ ನೋಡಲಿಕ್ಕೆ, ಒಂದು ಕುಟುಂಬ ಹೋದರೆ ಇನ್ನೊಂದು ಬರುತ್ತಿತ್ತು. ನೀರು ನೋಡಿ ಬಂದವರಿಗೆ ಉಣ್ಣಲಿಕ್ಕೂ ಮಲಗಲಿಕ್ಕೂ ನಮ್ಮ ಮನೆ.

ಅವ್ವ ಕಟ್ಟೆಯ ಮೇಲಿಂದಲೇ ಕೇಳಿದಳು, "ಏನದು ಇನಂಡಿ, ಮನಂಡಿ? ಯಾರನ್ನ ಬೈಯಾಕ ಹತ್ತೀರಿ?"

"ಬೈಯೂದಲ್ರಿ ಅತ್ತಿ. ಮಂದಿ ಭಾಳ ಬಂದ್ರ ಮನಿ ತುಂಬಿ ಛಲೋ ಕಾಣತೈತಿ, ಅದಕ್ಕ ಇಂಗ್ಲಿಷಿನ್ಯಾಗ ಹಂಗಂತಾರ," ಅಂದಳು ಅತ್ತಿಗೆ, ಮುಖದ ಗೆರೆ ಅಲುಗಿಸದೆ. ನಾನು ನಗು ತಡೆಯಲಾರದೆ ಹಿತ್ತಲಿಗೆ ಎದ್ದು ಹೋದೆ.

ಮೊದಲ ಹಂತದ ಪರೀಕ್ಷೆಯಲ್ಲಿ ಇಬ್ಬರೂ ಪಾಸಾದೆವು. ಅವಳಿಗೆ ನನಗಿಂತ ಹೆಚ್ಚು ಅಂಕ ಬಂದಿತ್ತು. ಅಣ್ಣ ಕಾರಟಗಿಯಿಂದ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ತಿನ್ನುತ್ತ, "ನಮ್ಮ ಮನ್ಯಾಗ ಇಬ್ಬರು ಮ್ಯಾನೇಜರ್," ಎಂದು ಮಗಳಿಗೆ ಹೇಳುತ್ತಿದ್ದ. ನಾವು ಬರೆಯುತ್ತಿದ್ದದ್ದು ಕ್ಲರ್ಕ್ ಹುದ್ದೆಗೆ ಎಂದು ತಿದ್ದಲು ನಮ್ಮಿಬ್ಬರಿಗೂ ಮನಸ್ಸಾಗಲಿಲ್ಲ. ಅತ್ತಿಗೆಗೆ ಅದೇ ಕೊನೆಯ ಅವಕಾಶ. ಮುಂದಿನ ಸಲದ ಹೊತ್ತಿಗೆ ಅವಳ ವಯಸ್ಸು ಮೀರುತ್ತಿತ್ತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದು ಎಲ್ಲ ಹೊತ್ತಿನಲ್ಲೂ ನೆನಪಿನಲ್ಲಿರುವುದಿಲ್ಲ, ಅಷ್ಟೇ.

ಎರಡನೆಯ ಹಂತದ ಪರೀಕ್ಷೆ ಒಂದು ಭಾನುವಾರ. ನನಗೆ ಹುಬ್ಬಳ್ಳಿ ಸೆಂಟರ್, ಅವಳಿಗೆ ಬಳ್ಳಾರಿ. ಅವ್ವ ಲೆಕ್ಕ ಹಾಕಿದಳು. "ನಿಂದು ದೂರ ಐತಿ, ನೀ ಶನಿವಾರನ ಹೋಗಿಬಿಡು. ಇಕಿದು ಇಲ್ಲೇ ಬಳ್ಳಾರಿ. ಮುಂಜಾನಿ ಗಾಡಿ ಮ್ಯಾಲೆ ಹೋದ್ರಾತು." ಅಣ್ಣನಿಗೂ ಅದೇ ಸರಿಯೆನಿಸಿತು. ನನಗೂ. ಗಂಗಾವತಿ ದಾಟಿ ಕಂಪ್ಲಿಯ ಸೇತುವೆ ಹತ್ತಿದರೆ ಬಳ್ಳಾರಿ ಏನು ಮಹಾ ದೂರ?

ಆ ವಾರ ಮಲೆನಾಡಿನ ಕಡೆ ಮಳೆ ಹಿಡಿದಿತ್ತು. ನಮ್ಮಲ್ಲಿ ಬಿಸಿಲು. ಅದು ನಮಗೇನು ಹೊಸದಲ್ಲ. ನಮ್ಮ ಹೊಳೆಗೆ ನೀರು ಬರುವುದು ನಮ್ಮ ಮಳೆಯಿಂದಲ್ಲ. ಡ್ಯಾಮು ತುಂಬಿ ಗೇಟು ತೆಗೆದರು ಎಂದು ಟಿ.ವಿ.ಯಲ್ಲಿ ಬಂದದ್ದೇ, ಶನಿವಾರ ಬೆಳಗ್ಗೆ ಕುಷ್ಟಗಿಯ ದೊಡ್ಡಪ್ಪನ ಮನೆಯವರು ಜೀಪು ಮಾಡಿಕೊಂಡು ಬಂದಿಳಿದರು. ಹಿರಿಯರು, ಸೊಸೆಯಂದಿರು, ಮಕ್ಕಳು. ನಾನು ಆಗಲೇ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದೆ. ಅತ್ತಿಗೆ ಚಪಾತಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಬಾಗಿಲ ಹತ್ತಿರ ಬಂದು ಮೆಲ್ಲಗೆ ಅಂದಳು, "ನಾನೂ ಸಂಜಿ ಬಸ್ಸಿಗೆ ಹೋಗಿ ಬಳ್ಳಾರಿ ಚಿಗವ್ವನ ಮನ್ಯಾಗ ಉಳದ್ರ ಹೆಂಗ?"

"ಛಲೋ ಆಕ್ಕೈತಿ. ಅವ್ವನ್ನ ಕೇಳು," ಅಂದೆ. ಬಸ್ಸಿಗೆ ಹೊತ್ತಾಗಿತ್ತು.

ಅವಳು ಕೇಳಿದಳಂತೆ. ಅವ್ವ ಬೇಡ ಅನ್ನಲಿಲ್ಲ. ಪಡಸಾಲೆಯ ತುಂಬ ಕೂತ ಮಂದಿಯ ಕಡೆ ನೋಡಿ, "ಮಂದಿ ಬಂದಾರಲ್ಲವಾ," ಅಂದಳು. ಅಷ್ಟೇ. ಅತ್ತಿಗೆ ಮತ್ತೆ ಆ ಮಾತು ಎತ್ತಲಿಲ್ಲ. ಅಕ್ಕಿ ನೆನೆ ಹಾಕಿದಳು.

ಸಂಜೆ ಹುಬ್ಬಳ್ಳಿಯ ಗೆಳತಿಯ ರೂಮಿನಿಂದ ಫೋನ್ ಮಾಡಿದಾಗ ಹಿಂದೆ ಮಕ್ಕಳ ಗದ್ದಲ, ಪಾತ್ರೆಗಳ ಸದ್ದು. "ಹೆಂಗ ಐತಿ ಅಲ್ಲಿ?" ಎಂದೆ. "ಟೋಟಲಿ ಇನಂಡೇಟೆಡ್," ಅಂದಳು. ಇಬ್ಬರೂ ನಕ್ಕೆವು. ಸೇತುವೆಯ ಬಗ್ಗೆ ಕೇಳಿದ್ದಕ್ಕೆ, "ನಿಮ್ಮಣ್ಣ ಹೋಗಿ ನೋಡಿ ಬಂದಾರ, ನೀರು ಇನ್ನೂ ಕೆಳಗ ಐತಂತ. ನೀ ನಿನ್ನ ಪೇಪರ್ ನೋಡ್ಕೊ," ಎಂದಳು.

ಮರುದಿನ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಅಣ್ಣ ಹೇಳಿದ್ದು. ಅದೂ ಒಂದೇ ಸಲಕ್ಕಲ್ಲ, ವರ್ಷಗಳ ಅಂತರದಲ್ಲಿ, ಬೇರೆ ಏನನ್ನೋ ಮಾತಾಡುತ್ತಿರುವಾಗ ಒಂದೊಂದು ತುಣುಕು.

ಬೆಳಕು ಹರಿಯುವಾಗಲೇ ಇಬ್ಬರೂ ಬೈಕಿನಲ್ಲಿ ಹೊರಟರು. ಸೇತುವೆಗೆ ಬಂದರೆ ಬ್ಯಾರಿಕೇಡ್ ಹಾಕಿದ್ದರು. ನೀರು ಸೇತುವೆಯ ಮೇಲೇರಿತ್ತು. ಕಂದು ಬಣ್ಣದ ನೀರು, ಅದರಲ್ಲಿ ತೇಲಿಬರುತ್ತಿದ್ದ ಕಸ, ಮರದ ಬೊಡ್ಡೆ, ಯಾರದೋ ಹುಲ್ಲಿನ ಬಣವೆಯ ಚೂರು. ದಂಡೆಯ ಮೇಲೆ ಜಾತ್ರೆಯಂತೆ ಜನ, ಎಲ್ಲರ ಕೈಯಲ್ಲೂ ಮೊಬೈಲು. ಅತ್ತಿಗೆ ಹಾಲ್ ಟಿಕೆಟ್ ತೆಗೆದು ಅಲ್ಲಿದ್ದ ಪೊಲೀಸರಿಗೆ ತೋರಿಸಿದಳು. ಅವರು ವಯಸ್ಸಾದವರು. ಅದನ್ನು ಓದಿ, ಮಡಚಿ ವಾಪಸು ಕೊಟ್ಟು, "ನನಗೂ ನಿನ್ನಂಥ ಮಗಳದಾಳವಾ. ಬಿಡಾಕ ಬರಂಗಿಲ್ಲ. ಕಡೆಬಾಗಿಲು ಬ್ರಿಜ್ ಕಡಿಂದ ಸುತ್ತು ಹೊಡದು ಹೋಗ್ರಿ, ಲಗೂನ ಹೋಗ್ರಿ," ಅಂದರಂತೆ.

ಆದರೆ ಆ ದಾರಿಗೆ ಎಲ್ಲರೂ ಬಿದ್ದಿದ್ದರು. ಕಂಪ್ಲಿಗೆ ಹೋಗುವ ಬಸ್ಸು, ಲಾರಿ, ಟ್ರ್ಯಾಕ್ಟರ್, ನೀರು ನೋಡಲು ಬಂದ ಕಾರು, ಎಲ್ಲವೂ ಗದ್ದೆಗಳ ನಡುವಿನ ಸಣ್ಣ ರಸ್ತೆಯಲ್ಲಿ. ಅಕ್ಕಿ ಮೂಟೆ ಹೇರಿದ ಲಾರಿಯೊಂದರ ಗಾಲಿ ಬದಿಯ ಕೆಸರಿಗೆ ಇಳಿದು ಅಡ್ಡ ನಿಂತುಬಿಟ್ಟಿತ್ತು. ಬೈಕು ತೂರಿಸಲೂ ಜಾಗವಿರಲಿಲ್ಲ. ಅತ್ತಿಗೆ ಇಳಿದು ಮುಂದೆ ಮುಂದೆ ನಡೆದಳು, ಅಣ್ಣ ಗದ್ದೆಯ ಬದುವಿನ ಮೇಲೆ ಬೈಕು ತಳ್ಳಿಕೊಂಡು ಹಿಂದೆ ಹೋದ. ಸೀರೆಯ ಅಂಚೆಲ್ಲ ಕೆಸರು. ಒಂದು ಸಲವೂ ಹೊತ್ತೆಷ್ಟಾಯಿತು ಎಂದು ಅವಳು ಕೇಳಲಿಲ್ಲವಂತೆ.

ಬಳ್ಳಾರಿ ಮುಟ್ಟಿದಾಗ ಪರೀಕ್ಷೆ ನಡೆಯುತ್ತಿದ್ದ ಕಾಲೇಜಿನ ಗೇಟು ಹಾಕಿಯಾಗಿತ್ತು. ಅಣ್ಣ ಗೇಟಿನವನ ಕೈ ಹಿಡಿದು ಬೇಡಿಕೊಂಡ. ಅವನೇನು ಮಾಡಿಯಾನು. ಅತ್ತಿಗೆಯೇ ಅಣ್ಣನ ತೋಳು ಹಿಡಿದು, "ಬರ್ರಿ, ಹೋಗೋಣು. ಕೂಸು ಅಳತಿರತೈತಿ," ಅಂದಳು. ವಾಪಸು ಬರುವಾಗ ಕಡೆಬಾಗಿಲು ಸೇತುವೆಯ ಹತ್ತಿರ ಸ್ವಲ್ಪ ನಿಲ್ಲಿಸಿ ಎಂದಳಂತೆ. ಇಳಿದು ಕಟ್ಟೆ ಹಿಡಿದು ಹೊಳೆ ನೋಡುತ್ತ ನಿಂತಳು. ಅಣ್ಣನಿಗೆ ಹೆದರಿಕೆಯಾಗಿ ಪಕ್ಕದಲ್ಲೇ ಹೋಗಿ ನಿಂತ. "ಏನೂ ಮಾಡ್ಕೊಳ್ಳಂಗಿಲ್ರಿ, ಸುಮ್ನ ನೋಡಾಕ ಹತ್ತೀನಿ," ಅಂದಳು.

ಅದೇ ಹೊತ್ತಿಗೆ ಹುಬ್ಬಳ್ಳಿಯಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಉತ್ತರ ಒತ್ತುತ್ತಿದ್ದೆ. ನಾವು ಕಲಿತ ಯಾವ ಪದವೂ ಬಂದಿರಲಿಲ್ಲ. ಇನಂಡೇಟ್ ಅಂತೂ ಬರಲೇ ಇಲ್ಲ. ಹೊರಗೆ ಬಂದು ಅಣ್ಣನ ನಂಬರಿಗೆ ಫೋನ್ ಮಾಡಿದರೆ ಎತ್ತಿದ್ದು ಅತ್ತಿಗೆ.

"ಹೆಂಗಿತ್ತು ಪೇಪರ್?"

"ಪರವಾಗಿಲ್ಲ. ನಿಂದು?"

"ನಾ ಬರೀಲಿಲ್ಲ. ಬ್ರಿಜ್ ಮ್ಯಾಲೆ ನೀರು ಬಂದಿತ್ತು. ನೀ ಊಟ ಮಾಡಿ ನಿಧಾನ ಬಾ," ಅಂದಳು.

ನಾನು ಊರಿಗೆ ಬಂದಾಗ ನೆಂಟರು ಹೊರಟುಹೋಗಿದ್ದರು. ಪಡಸಾಲೆಯಲ್ಲಿ ಅವಳು ತೊಗರಿಬೇಳೆ ಆರಿಸುತ್ತಿದ್ದಳು. ನಾನು ಎದುರಿಗೆ ಕೂತೆ. ಅವಳೇ ಕೇಳಿದಳು, "ಏನೇನು ಬಂದಿತ್ತು ಹೇಳು. ನೆನಪಿದ್ದಷ್ಟು ಹೇಳು." ನಾನು ಹೇಳುತ್ತ ಹೋದೆ. ಅವಳು ಉತ್ತರ ಕೊಡುತ್ತ ಹೋದಳು. ಮೇಜಿನ ಸುತ್ತ ಯಾರ ಪಕ್ಕ ಯಾರು ಕೂತಿದ್ದಾರೆ ಎಂಬ ಒಂದು ಒಗಟಿನಂಥ ಪ್ರಶ್ನೆಯಲ್ಲಿ ನಾನು ಸಿಕ್ಕಿಬಿದ್ದು ಬಿಟ್ಟುಬಂದಿದ್ದೆ. ಅವಳು ತಟ್ಟೆಯಲ್ಲಿ ಬೇಳೆಕಾಳುಗಳನ್ನು ಗುಂಡಗೆ ಇಟ್ಟು, ಒಂದೊಂದಕ್ಕೂ ಹೆಸರು ಹಚ್ಚಿ, ಅತ್ತಿತ್ತ ಸರಿಸಿ ಬಿಡಿಸಿಬಿಟ್ಟಳು. "ಇದು ಭಾಳ ಸಸಾರ ಇತ್ತಲ್ಲ," ಅಂದಳು. ಆಮೇಲೆ ಆ ಕಾಳುಗಳನ್ನು ಬೇಳೆಯಲ್ಲಿ ಕೂಡಿಸಿ ಎದ್ದು ಒಳಗೆ ಹೋದಳು.

ಬಾಗಿಲಿಗೆ ಒರಗಿ ಕೂತ ಅವ್ವ ಅಷ್ಟನ್ನೂ ನೋಡುತ್ತಿದ್ದಳು. ಅವಳಿಗೆ ಪ್ರಶ್ನೆ ತಿಳಿಯಲಿಲ್ಲ, ಉತ್ತರ ತಿಳಿಯಲಿಲ್ಲ. ಆದರೆ ನನಗೋ ತನಗೋ ಗೊತ್ತಾಗದ ಹಾಗೆ ಅಂದಳು, "ಒಂದು ದಿನದ ಅಡಗಿ. ನಾ ಒಬ್ಬಾಕೀನ ಮಾಡ್ತಿದ್ದೆ."

ನನಗೆ ಕೆಲಸ ಸಿಕ್ಕಿತು. ಯಲಬುರ್ಗಾ ತಾಲ್ಲೂಕಿನ ಒಂದು ಬ್ಯಾಂಕ್ ಶಾಖೆಗೆ ಹಾಕಿದರು. ನನ್ನ ಬಟ್ಟೆಗಳನ್ನು ಪೆಟ್ಟಿಗೆಗೆ ಜೋಡಿಸಿದ್ದು ಅತ್ತಿಗೆಯೇ. ಸೀರೆ ಉಟ್ಟುಕೊಂಡು ಹೋಗು, ಸಣ್ಣ ಹುಡುಗಿ ಅಂತ ಮಂದಿ ಸಲಿಗೆ ತಗೊಳ್ಳಬಾರದು ಎಂದು ತನ್ನ ಒಂದು ನೀಲಿ ಸೀರೆಯನ್ನೂ ಇಟ್ಟಳು. ಮೊದಲ ರಜೆಗೆ ಬಂದಾಗ ನಾನು ಹಳೆಯ ರೂಢಿಯಂತೆ, "ಅತ್ತಿಗಿ, ಒಂದು ಹೊಸಾದು ತಂದೀನಿ," ಎಂದೆ. ಅವಳು ನಗುತ್ತಲೇ ಕೈ ಅಡ್ಡ ಮಾಡಿದಳು. "ಬ್ಯಾಡವಾ. ಅವೀಗ ನಿನಗ ಬೇಕಾದವು." ಕಹಿಯಿಂದ ಅಂದದ್ದಲ್ಲ. ಕಹಿಯಿಂದ ಅಂದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಆ ಮನೆಯಲ್ಲಿ ಯಾರೂ ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಹೊರಿಸುವಂಥದ್ದೂ ಇರಲಿಲ್ಲ. ಆದರೆ ಒಬ್ಬೊಬ್ಬರೂ ಅದನ್ನು ಬೇರೆ ಬೇರೆಯಾಗಿ ಇಟ್ಟುಕೊಂಡರು. ಮುಂದಿನ ಮಳೆಗಾಲದಲ್ಲಿ ಕುಷ್ಟಗಿಯಿಂದ ಫೋನ್ ಬಂದಾಗ ಅವ್ವ, "ಈ ಸಲ ಬ್ಯಾಡ್ರಿ, ನನಗ ಆರಾಮಿಲ್ಲ," ಅಂದಳು. ಮಂಡಿ ನೋವೊಂದು ಬಿಟ್ಟರೆ ಅವಳು ಗಟ್ಟಿಮುಟ್ಟಾಗಿಯೇ ಇದ್ದಳು. ಹಾಗೆ ಒಂದೆರಡು ವರ್ಷ ಹೇಳಿದ ಮೇಲೆ ಅವರು ಕೇಳುವುದನ್ನೇ ಬಿಟ್ಟರು. ಅಣ್ಣ ಸೇತುವೆ ಮುಳುಗಿದ ಸುದ್ದಿ ಟಿ.ವಿ.ಯಲ್ಲಿ ಬಂದರೆ ಎದ್ದು ಗದ್ದೆಗೆ ಹೋಗುತ್ತಾನೆ. ಒಮ್ಮೆ ನನ್ನನ್ನು ಬಸ್ಸಿಗೆ ಬಿಡಲು ಬಂದವನು ಇದ್ದಕ್ಕಿದ್ದಂತೆ, "ಮನಿಯಿಂದನ ಸೀದಾ ಸಿರುಗುಪ್ಪದ ಕಡಿಂದ ಹೋಗಿದ್ರ ಮುಟ್ಟತಿದ್ವಿ. ನನಗ ಹೊಳೀಲಿಲ್ಲ ನೋಡು," ಅಂದ. ಅಷ್ಟು ಹೊತ್ತಿಗೆ ವರ್ಷಗಳು ಕಳೆದಿದ್ದವು.

ನಾನು? ಬಾಗಿಲಲ್ಲಿ ಅವಳು ಮೆಲ್ಲಗೆ ಕೇಳಿದಾಗ ಬಸ್ಸು ತಪ್ಪಿದರೂ ಸರಿ ಎಂದು ಚೀಲ ಕೆಳಗಿಟ್ಟು ಅವ್ವನ ಹತ್ತಿರ ಹೋಗಿ ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು ಎಂದು ಕೌಂಟರಿನಲ್ಲಿ ಕೂತಾಗಲೂ ಕೆಲವು ಸಲ ಅನಿಸುತ್ತದೆ. ಮಗಳ ಮಾತಿಗೆ ಅವ್ವ ಮಣಿಯುತ್ತಿದ್ದಳು. ಆದರೆ ನಮಗೆಲ್ಲರಿಗೂ ಬಳ್ಳಾರಿ ಹತ್ತಿರವೆನಿಸಿತ್ತು.

ನಡುವೆ ಒಂದು ವರ್ಷ ಊರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಅವಳನ್ನು ಕರೆದಿದ್ದರು. ಆ ವರ್ಷ ಫೋನಿನಲ್ಲಿ ಅವಳ ದನಿಯೇ ಬೇರೆ ಇತ್ತು. ಯಾವ ಹುಡುಗ ಏನು ಕೇಳಿದ, ಯಾವ ಹುಡುಗಿಗೆ ಭಾಗಾಕಾರ ಒಮ್ಮೆಲೇ ಹೇಗೆ ತಿಳಿಯಿತು, ಎಲ್ಲ ಹೇಳುತ್ತಿದ್ದಳು. ಮರುವರ್ಷ ಕಾಯಂ ಶಿಕ್ಷಕರು ಬಂದರು, ಅವಳ ಕೆಲಸ ಮುಗಿಯಿತು. ಬಿ.ಎಡ್. ಮಾಡು ಅತ್ತಿಗಿ, ಇನ್ನೂ ದಾರಿ ಐತಿ ಎಂದೆ. "ನೋಡೋಣ," ಅಂದಳು. ಆ ನೋಡೋಣ ಎಂಬುದರ ಅರ್ಥ ನನಗೆ ಗೊತ್ತು. ಮಗಳು ಈಗ ಹೈಸ್ಕೂಲು. ಅವಳ ಕ್ಲಾಸು, ಅವಳ ಬಸ್ಸು, ಅವಳ ಊಟದ ಡಬ್ಬಿ.

ಕಳೆದ ತಿಂಗಳು ಊರಿಗೆ ಹೋದಾಗ ಇಬ್ಬರೂ ಕಾಲುವೆಯ ದಂಡೆಗುಂಟ ನಡೆದು ಬಂದೆವು. ಭತ್ತ ತೆನೆ ಬಿಡುವ ಹೊಡೆಗೆ ಬಂದಿತ್ತು. ಅವಳು ಒಮ್ಮೆಲೇ ಕೇಳಿದಳು, "ನಿನ್ನ ಬ್ಯಾಂಕಿನ್ಯಾಗ ನೀ ಕುಂದ್ರೂದು ಎಲ್ಲಿ? ಕಿಟಕಿ ಐತೇನು?"

ಇಷ್ಟು ವರ್ಷಗಳಲ್ಲಿ ಅವಳು ಕೇಳಿರದ ಪ್ರಶ್ನೆ. ನಾನು ವಿವರಿಸಿದೆ. ಕಿಟಕಿ ಇದೆ, ಅದರಾಚೆ ಒಂದು ಬೇವಿನ ಮರ, ಅದರ ಕೆಳಗೆ ಚಹದಂಗಡಿ. ಎಡಕ್ಕೆ ಕ್ಯಾಶಿಯರ್ ಕೂರುತ್ತಾರೆ, ಹಿಂದೆ ಮ್ಯಾನೇಜರರ ಕೋಣೆ. ಸೋಮವಾರ ಸಂತೆಯಂತೆ ಗದ್ದಲ. ಅವಳು ತಲೆ ತಗ್ಗಿಸಿ, ಹಾದಿ ನೋಡಿಕೊಂಡು ನಡೆಯುತ್ತ, ನಡುನಡುವೆ ಹೂಂ ಎನ್ನುತ್ತ ಕೇಳಿದಳು. ಪ್ರಿಂಟರ್ ಎಲ್ಲಿಟ್ಟಿದ್ದಾರೆ ಎಂದೂ ಕೇಳಿದಳು.

"ಒಂದು ಸಲ ಬಾ ಅತ್ತಿಗಿ. ಬಂದು ನೋಡು. ನನ್ನ ರೂಮಿನ್ಯಾಗ ಎರಡು ದಿನ ಇದ್ದು ಹೋಗು," ಅಂದೆ.

"ಬರ್ತೀನಿ," ಅಂದಳು. "ಈ ಭತ್ತದ ಕೆಲಸ ಒಂದು ಮುಗೀಲಿ."

ಇನ್ನೂ ಬಂದಿಲ್ಲ.